ಹೊರಡುವುದಲ್ಲ, ನಿಲ್ಲುವುದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಕಾರಿನ ಮಾತೆತ್ತಲಿಲ್ಲ. ಅವರಿಗೆ ಎತ್ತಿನ ಗಾಡಿ ಸಾಕಾಗಿತ್ತು. ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ ವ್ಯಾಪಾರ ಮುಗಿಸುತ್ತಿದ್ದರು. ಕಾರಿಗೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ. ಅದರಲ್ಲೂ ವರ್ಷಕ್ಕೆ ನಾಲ್ಕೈದು ತಿಂಗಳು ಹಿಮ ಬೀಳುವ ಗುಡ್ಡದ ಊರಿಗೆ ಸಂಸಾರದ ಕಾರೊಂದನ್ನು ಆರಿಸುವುದೆಂದರೆ ಗಂಡು ಹುಡುಕುವುದಕ್ಕಿಂತ ಕಷ್ಟ.

ನನ್ನ ಮಗಳ ಸಂಸಾರ ಇರುವುದು ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ. ಅದರ ರಾಜಧಾನಿ ಮಾಂಟ್‌ಪೀಲಿಯರ್‌ನ ಜನಸಂಖ್ಯೆಯೇ ಸುಮಾರು 8,000. ಮಗಳ ಊರು ಅದಕ್ಕೂ ಚಿಕ್ಕದು, ಮನೆ ಗುಡ್ಡದ ಮೇಲೆ. ಆ ರಾಜ್ಯದ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಡಾಂಬರು ಕಾಣದವು. 2025ರ ಬೇಸಿಗೆ ರಜೆಯಲ್ಲಿ ನಾನು ಹೋದಾಗ ಹಿಮ ಕರಗಿ, ರಸ್ತೆಯೆಲ್ಲ ನಾಟಿಗೆ ಹದವಾದ ಗದ್ದೆಯಂತಾಗಿತ್ತು. ಅದನ್ನು ಅಲ್ಲಿನವರು ಕೆಸರಿನ ಋತು ಎಂದೇ ಕರೆಯುತ್ತಾರೆ. ಮಗಳಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಬರುವ ಮೊದಲೇ ಅವಳು ಗುಡ್ಡ ಹತ್ತಿ ಮನೆ ಸೇರಬೇಕು. ಮತ್ತೆ ಮಗುವನ್ನು ಕೂರಿಸಿಕೊಂಡು ಅದೇ ಗುಡ್ಡ ಇಳಿದು ಶಾಲೆಗೆ ಬಿಡಬೇಕು. ಹಳೆಯ ಕಾರು ಮುದಿಯಾಗಿತ್ತು. ಮುಂದಿನ ಹಿಮ ಬೀಳುವುದರೊಳಗೆ ಹೊಸದು ಬರಲೇಬೇಕಿತ್ತು.

ಪೆಟ್ರೋಲು ಎಂಜಿನ್ನೂ ವಿದ್ಯುತ್ ಮೋಟಾರೂ ಎರಡೂ ಇರುವ ಹೈಬ್ರಿಡ್ಡೇ ಬೇಕೆಂದು ಅಳಿಯ ನಿಶ್ಚಯಿಸಿದ್ದರು. ಮೂರು ಹೆಸರು ಪಟ್ಟಿಯಲ್ಲಿದ್ದವು: ಟೊಯೋಟಾ ಆರ್‌ಎವಿ4, ಹೋಂಡಾ ಸಿಆರ್-ವಿ, ಸುಬಾರು ಫಾರೆಸ್ಟರ್. ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ ಮೊದಲನೆಯದು ಲೀಟರಿಗೆ ಹದಿನಾರು ಕಿಲೋಮೀಟರಿಗೆ ಮೇಲೆ, ಕೊನೆಯದು ಹದಿನೈದರ ಹತ್ತಿರ. ನಮ್ಮಂಥ ಹೆಂಗಸರಿಗೆ ಅಂಗಡಿಯವನು ಸೀರೆಯ ಸೆರಗು ಹರಡಿದ ಕೂಡಲೇ ಒಳಮಗ್ಗುಲು ತಿರುಗಿಸಿ ನೋಡುವ ಅಭ್ಯಾಸ. ನಾನೂ ಹಾಗೆಯೇ ಒಳಮಗ್ಗುಲು ಕೇಳತೊಡಗಿದೆ.

ಮೂರರಲ್ಲೂ ನಾಲ್ಕೂ ಚಕ್ರಗಳಿಗೆ ಬಲ ಸಿಗುತ್ತದೆ, ಆದರೆ ಸಿಗುವ ರೀತಿ ಬೇರೆ. ಟೊಯೋಟಾದಲ್ಲಿ ಹಿಂದಿನ ಚಕ್ರಗಳನ್ನು ತಿರುಗಿಸುವುದು ಪ್ರತ್ಯೇಕವಾದೊಂದು ವಿದ್ಯುತ್ ಮೋಟಾರು. ಉಳಿದೆರಡರಲ್ಲಿ ಮುಂದಿನ ಬಲವನ್ನು ಉಕ್ಕಿನ ದಂಡವೊಂದು ಹಿಂದಕ್ಕೆ ಒಯ್ಯುತ್ತದೆ. ಫಾರೆಸ್ಟರಿನ ಹೊಟ್ಟೆ ನೆಲದಿಂದ ಸುಮಾರು 22 ಸೆಂಟಿಮೀಟರು ಎತ್ತರ, ಮೂರರಲ್ಲಿ ಅದೇ ಹೆಚ್ಚು. ಕೆಸರಿನ ಗಾಲಿಜಾಡಿನಲ್ಲಿ ಒಂದೆರಡು ಸೆಂಟಿಮೀಟರೂ ಲೆಕ್ಕಕ್ಕೆ ಬರುತ್ತದೆ.

ಇಳಿಜಾರಿನ ವಿಷಯ ನನಗೆ ಬಹಳ ಹಿಡಿಸಿತು. ಗುಡ್ಡ ಇಳಿಯುವಾಗ ಹೈಬ್ರಿಡ್ ಕಾರಿನ ಮೋಟಾರು ಡೈನಮೋ ಆಗಿ, ವ್ಯರ್ಥವಾಗಿ ಹೋಗುವ ವೇಗವನ್ನು ಬ್ಯಾಟರಿಗೆ ತುಂಬುತ್ತದೆ. ಉಳಿದ ಅನ್ನವನ್ನು ಚಿತ್ರಾನ್ನ ಮಾಡುವ ಗೃಹಿಣಿಯ ಜಾಣತನ ಅದು. ಆದರೆ ಬ್ಯಾಟರಿ ಚಿಕ್ಕದು, ಉದ್ದದ ಇಳಿಜಾರಿನಲ್ಲಿ ಬೇಗ ತುಂಬಿಹೋಗುತ್ತದೆ. ಆಮೇಲೆ ಎಂಜಿನ್ನೇ ಕಾರನ್ನು ಹಿಡಿದು ನಿಲ್ಲಿಸಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಚಾರ್ಮಾಡಿ ಘಾಟಿಯ ಬಸ್ಸಿನ ಡ್ರೈವರುಗಳು ಹೇಳುವುದೂ ಇದೇ ತತ್ವ.

ಮೈಲೇಜಿನ ಒಳಮಗ್ಗುಲು ಮಾತ್ರ ಅಳಿಯನಿಗೆ ರುಚಿಸಲಿಲ್ಲ. ಶೂನ್ಯಕ್ಕಿಂತ ಏಳು ಡಿಗ್ರಿ ಕೆಳಗಿನ ಚಳಿಯಲ್ಲಿ ಹೈಬ್ರಿಡ್ ಕಾರಿನ ಮೈಲೇಜು ಶೇಕಡಾ 30ರಿಂದ 34ರಷ್ಟು ಕುಸಿಯಬಹುದೆಂದು ಅಮೆರಿಕದ ಸರ್ಕಾರವೇ ಹೇಳುತ್ತದೆ. ಚಳಿಗೆ ಬ್ಯಾಟರಿ ಸೋಮಾರಿಯಾಗುತ್ತದೆ, ಒಳಗೆ ಬಿಸಿ ಬೇಕೆಂದರೆ ಎಂಜಿನ್ನು ಉರಿಯುತ್ತಲೇ ಇರಬೇಕು. ಬೇಸಿಗೆಯ ಅಂಕಿಯನ್ನು ನಂಬಿ ಚಳಿಗಾಲದ ಕಾರು ಕೊಳ್ಳುವಂತಿಲ್ಲ.

ಇಷ್ಟೆಲ್ಲ ಚರ್ಚೆಯಾದರೂ ನನ್ನ ಮನಸ್ಸು ಆ ಗುಡ್ಡದ ತಿರುವಿನಲ್ಲೇ ಇತ್ತು. “ಅಲ್ಲ ಕಣೇ, ಬರೀ ಹೊರಡುವ ಮಾತೇ ಆಯಿತು. ಮಂಜುಗಡ್ಡೆಯ ಮೇಲೆ ಇದು ನಿಲ್ಲುವುದು ಹೇಗೆ?” ಎಂದು ಮಗಳನ್ನು ಕೇಳಿದೆ.

“ಅದು ಟೈರಿನ ಕೆಲಸ, ಅಮ್ಮ” ಎಂದಳು.

ಅದೇ ನಿಜವಾದ ಉತ್ತರ. ಯಾವ ಕಾರಿಗಾದರೂ ಬ್ರೇಕು ಇರುವುದು ನಾಲ್ಕೂ ಚಕ್ರಗಳಿಗೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವಿದ್ದರೆ ಹತ್ತುವುದು ಸುಲಭವೇ ಹೊರತು, ನಿಲ್ಲುವುದಕ್ಕೆ ಅದರಿಂದ ಏನೂ ಸಹಾಯವಿಲ್ಲ. ಚಳಿ ಏಳು ಡಿಗ್ರಿಗಿಂತ ಕೆಳಗಿಳಿದರೆ ಸಾಧಾರಣ ಟೈರಿನ ರಬ್ಬರು ಬಿರುಸಾಗುತ್ತಾ ಹೋಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಉಳಿಯುತ್ತದೆ. ಹಿಮಕ್ಕೆ ಪರೀಕ್ಷಿಸಿದ ಟೈರಿನ ಪಕ್ಕದಲ್ಲಿ ಮೂರು ಶಿಖರ, ನಡುವೆ ಹಿಮದ ಹರಳಿನ ಗುರುತು ಇರುತ್ತದೆ. ಗಡಿಯಾಚೆಯ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಾನೂನಿನಂತೆ ಕಡ್ಡಾಯ. ವರ್ಮಾಂಟಿನಲ್ಲಿ ಮನೆಯ ಕಾರಿಗೆ ಆ ಕಡ್ಡಾಯವಿಲ್ಲ. ಕಡ್ಡಾಯವಿಲ್ಲದ್ದಕ್ಕೆ ದುಡ್ಡು ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ. ಅದು ಎಲ್ಲ ದೇಶದ ಗಂಡಸರ ಗುಣ, ಹೆಂಗಸರದ್ದೂ ಹೌದು.

ಚಕ್ರಗಳ ಸಮೇತ ನಾಲ್ಕು ಚಳಿಗಾಲದ ಟೈರು ಕೊಳ್ಳುವುದು ಚಿಲ್ಲರೆ ಕಾಸಿನ ಮಾತಲ್ಲ. ಚರ್ಮದ ಸೀಟು, ದೊಡ್ಡ ಪರದೆ ಇರುವ ದುಬಾರಿ ಮಾದರಿ ಅಳಿಯನ ಕಣ್ಣಿನಲ್ಲಿತ್ತು. “ಅತ್ತೆ, ನೀವೇ ಹೇಳಿ” ಎಂದರು. ನಾನು ಹೇಳಬೇಕಾಗಲಿಲ್ಲ. “ಮಗುವಿಗೆ ಬಟ್ಟೆಯ ಸೀಟು ಸಾಕು ಕಣ್ರೀ, ಒಗೆಯಬಹುದು” ಎಂದು ಮಗಳೇ ತೀರ್ಮಾನ ಕೊಟ್ಟಳು. ಕೆಳದರ್ಜೆಯ ಫಾರೆಸ್ಟರ್ ಬಂತು. ಉಳಿದ ಹಣ ಟೈರಿಗೆಂದು ಬೇರೆ ತೆಗೆದಿಟ್ಟಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಕಾರಿನ ವಿಷಯದಲ್ಲಿ ಕಾಲಿಗೆ ಮೊದಲು ಖರ್ಚು ಮಾಡಿ, ಹಾಸಿಗೆಯನ್ನು ಆಮೇಲೆ ನೋಡಬೇಕೆಂದು ನನಗೆ ಕಂಡಿದೆ. ದೂರದಲ್ಲಿರುವ ತಾಯಿಗೆ ಮಗಳ ದಾರಿ ಕಾಯುವುದು ಸಾಧ್ಯವಿಲ್ಲ; ಕೇಳುವುದೊಂದು ಸಾಧ್ಯ. ಈಗ ದೀಪಾವಳಿಯ ದಿನ ಫೋನು ಮಾಡಿದರೆ ಎಣ್ಣೆನೀರು ಆಯಿತೇ ಎಂದು ಕೇಳಿ, ಅದೇ ಉಸಿರಿನಲ್ಲಿ ಟೈರು ಬದಲಾಯಿಸಿದಿರಾ ಎಂದೂ ಕೇಳುತ್ತೇನೆ. ಎರಡಕ್ಕೂ ಹೌದೆಂಬ ಉತ್ತರ ಬಂದ ಮೇಲೆಯೇ ನನ್ನ ಮನೆಯಲ್ಲಿ ಹಬ್ಬ.