ಕಟಕಟೆಯಿಂದ ನೋಡುವವನು

ಬೆಸೆಂಟ್ ನಗರದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಒಂದು ಚಿತ್ರದ ಪ್ರತಿ ತೂಗುಹಾಕಿದ್ದೇನೆ. ಜಾನ್ ಲೇವರಿ ಬರೆದ 'ಹೈ ಟ್ರೀಸನ್'. ಕಳೆದ ತಿಂಗಳು ಊರಿಂದ ಬಂದ ಅಪ್ಪ ಚಪ್ಪಲಿ ಬಿಟ್ಟವರೇ ಅದರ ಮುಂದೆ ನಿಂತುಬಿಟ್ಟರು. ತೀರ್ಥಹಳ್ಳಿ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ರಿಟೈರಾದವರು.

"ಐದು ಜನ ಜಡ್ಜು. ಹಂಗಾದ್ರೆ ಅಪೀಲು. ದೊಡ್ಡದಾಗಿ ಕಾಣೋರೆಲ್ಲ ವಕೀಲರು, ಆರೋಪಿ ಮಾತ್ರ ಚಿಕ್ಕವನು. ನಮ್ಮನ್ನೇ ನೋಡ್ತಿದಾನಲ್ಲೋ! ಚಿತ್ರ ಬರೆದವನು ಎಲ್ಲಿ ಕೂತಿದ್ದ?"

"ಜ್ಯೂರಿ ಕೂರೋ ಜಾಗದಲ್ಲಿ ಅಪ್ಪ. ಅಪೀಲಿಗೆ ಜ್ಯೂರಿ ಇಲ್ಲ, ಆ ಜಾಗ ಖಾಲಿ ಇತ್ತು."

ಆರೋಪಿಯ ಹೆಸರು ರೋಜರ್ ಕೇಸ್‌ಮೆಂಟ್. ಕಾಂಗೋದಲ್ಲಿ ರಬ್ಬರಿಗಾಗಿ ನಡೆದ ಕ್ರೌರ್ಯವನ್ನು ವರದಿ ಮಾಡಿದವನು, 1911ರಲ್ಲಿ ಬ್ರಿಟನ್ನಿನಿಂದಲೇ 'ಸರ್' ಅನ್ನಿಸಿಕೊಂಡವನು. ಯುದ್ಧಕಾಲದಲ್ಲಿ ಜರ್ಮನಿಗೆ ಹೋಗಿ ಐರ್ಲೆಂಡಿನ ಬಿಡುಗಡೆಗೆ ನೆರವು ಕೇಳಿದ. 1916ರ ಏಪ್ರಿಲ್‌ನಲ್ಲಿ ಜಲಾಂತರ್ಗಾಮಿಯಿಂದ ಐರ್ಲೆಂಡಿನ ಕಡಲತೀರಕ್ಕೆ ಇಳಿದು ಸಿಕ್ಕಿಬಿದ್ದ. ರಾಜದ್ರೋಹದ ಕಾಯ್ದೆ 1351ರದು, ಹಳೇ ಫ್ರೆಂಚಿನದು. ದೇಶದ ಹೊರಗೆ ಮಾಡಿದ್ದಕ್ಕೂ ಅದು ಅನ್ವಯಿಸುತ್ತದೆಯೇ ಎಂಬ ವಾದ ವಿರಾಮಚಿಹ್ನೆಗಳವರೆಗೂ ಹೋಯಿತು. ಜುಲೈನಲ್ಲಿ ಅಪೀಲು ವಜಾ, ಆಗಸ್ಟ್ 3ಕ್ಕೆ ಗಲ್ಲು. ಚಿತ್ರ ಬರೆಯಲು ಲೇವರಿಯನ್ನು ಕರೆದಿದ್ದು ಪೀಠದ ಮುಖ್ಯಸ್ಥ ಡಾರ್ಲಿಂಗ್. ಆ ಜಡ್ಜಿಗೆ ತನ್ನದೇ ಚಿತ್ರ ಬೇಕಿತ್ತೇನೋ ಅಂತ ನನ್ನ ಗುಮಾನಿ.

ಈ ಚಿತ್ರ ನನ್ನ ಗೋಡೆಗೆ ಬಂದಿದ್ದು ಕಾವೇರಿ ಗಲಾಟೆಯಿಂದ. 2016ರ ಸೆಪ್ಟೆಂಬರ್ 12. ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದಕ್ಕೆ ಪೆಟ್ರೋಲ್ ಬಾಂಬ್, ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ. ಕೆಳಮನೆಯ ತಮಿಳು ಮಾಮಾ ನನ್ನ ಕೆಎ-14 ಕಾರನ್ನು ತಮ್ಮ ಗೇಟಿನೊಳಗೆ ನಿಲ್ಲಿಸಿಕೊಂಡು, ಟಾರ್ಪಾಲು ಹೊದಿಸಿದರು. ಅದನ್ನೇ ನಾನು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಜೊತೆಗೆ, ಬಸ್ಸು ಸುಟ್ಟಿದ್ದು ನಾಚಿಕೆಗೇಡು ಅಂತಲೂ. ಚಿಕ್ಕಪ್ಪನ ಮಗ ಒಂದೇ ಪದ ಕಳಿಸಿದ: 'ನಾಡದ್ರೋಹಿ'. ನನ್ನ ಜೊತೆ ತುಂಗೆಯಲ್ಲಿ ಈಜು ಕಲಿತವನು. ಆಮೇಲೆ ನಾವಿಬ್ಬರೂ ಮಾತಾಡಿಲ್ಲ. ಕೇಸ್‌ಮೆಂಟ್ ಎಲ್ಲಿ, ನಾನೆಲ್ಲಿ. ಆದರೂ ಆ ದಿನಗಳಲ್ಲಿ ದ್ರೋಹದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಈ ಚಿತ್ರಕ್ಕೆ ಬಂದು ನಿಂತೆ.

ಓದುತ್ತ ಸಿಕ್ಕಿದ ಇನ್ನೊಂದು ಸಂಗತಿ ನನ್ನ ವಿಳಾಸದಲ್ಲೇ ಇತ್ತು. ನಮ್ಮ ಬಡಾವಣೆಗೆ ಹೆಸರಾದ ಆನಿ ಬೆಸೆಂಟ್ ಆಗ ಮದ್ರಾಸಿನಲ್ಲಿ 'ನ್ಯೂ ಇಂಡಿಯಾ' ಪತ್ರಿಕೆ ನಡೆಸುತ್ತಿದ್ದರು. ಅದರಲ್ಲಿ ಕೆಲಸಕ್ಕೆಂದು 1915ರಲ್ಲಿ ಐರ್ಲೆಂಡಿನಿಂದ ಒಬ್ಬ ಕವಿ ಬಂದ. ಕೇಸ್‌ಮೆಂಟ್ ಸೆರೆಯಾದ ವಾರವೇ ಡಬ್ಲಿನ್ನಿನಲ್ಲಿ ದಂಗೆಯೆದ್ದಿತು. ಈ ಕವಿ ಅದನ್ನು ಮೆಚ್ಚಿ ಬರೆದ, ಕೆಲಸ ಕಳೆದುಕೊಂಡ. ತೆಗೆದವರು ಬೆಸೆಂಟರೇ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಅದೇ ಮೇ ತಿಂಗಳಲ್ಲಿ ಸರ್ಕಾರ ಪತ್ರಿಕೆಯಿಂದ 2,000 ರೂಪಾಯಿ ಠೇವಣಿ ಕೇಳಿತ್ತು. ಮರುವರ್ಷ ಅವರನ್ನೇ ಊಟಿಯಲ್ಲಿ ಬಂಧನದಲ್ಲಿಟ್ಟಿತು.

"ಆ ಕವಿ ಏನಾದ?" ಅಪ್ಪ ಕೇಳಿದರು.

"ಮದನಪಲ್ಲಿಗೆ ಹೋಗಿ ಮೇಷ್ಟ್ರಾದ. 1924ರಲ್ಲಿ ಮೈಸೂರಿಗೆ ಬಂದಿದ್ದಾಗ ಒಬ್ಬ ಹುಡುಗ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದ..."

"ಜೇಮ್ಸ್ ಕಸಿನ್ಸ್!" ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ತೀರ್ಥಹಳ್ಳಿಯವರಿಗೆ ಈ ಕತೆ ಯಾರೂ ಹೇಳಿಕೊಡಬೇಕಿಲ್ಲ. ಮಾತೃಭಾಷೆಯಲ್ಲಿ ಬರಿ ಎಂದು ಕುವೆಂಪುಗೆ ಹೇಳಿದ ಕಸಿನ್ಸ್. "ಅವನ ಕೆಲಸ ಹೋಗಿದ್ದು ಇದಕ್ಕಾ ಮಾರಾಯ?"

ಕಾಫಿ ಕುಡಿದ ಮೇಲೆ ಅಪ್ಪ ಚೀಲದಿಂದ ಒಂದು ಕಾಗದ ತೆಗೆದು ಟೀಪಾಯಿಯ ಮೇಲಿಟ್ಟರು. ಚಿಕ್ಕಪ್ಪನ ಮಗನ ಹೊಸ ಮನೆಯ ಗೃಹಪ್ರವೇಶ. ಲಕೋಟೆಯ ಮೇಲೆ ನನ್ನ ಹೆಸರು, ಅವನದೇ ಕೈಬರಹ.

"ಅವನೇ ಕೊಡು ಅಂದ್ನಾ, ನೀವೇ ಬರೆಸ್ಕೊಂಡು ಬಂದ್ರಾ?"

ಅಪ್ಪ ಉತ್ತರ ಹೇಳಲಿಲ್ಲ. ಕೆಳಗಿನ ಮಾಮಾನನ್ನು ನೋಡಿಕೊಂಡು ಬರ್ತೀನಿ ಅಂತ ಎದ್ದರು.