ಟ್ರೇಲರಿನ ಕೊಂಬಿಗೆ ದೀಪ

ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದ ಧಾರವಾಡ ಸೀಮೆಯ ಊರುಗಳಲ್ಲಿ ಈಗ ಖಂಡೇಪೂಜೆಗೆ ಟ್ರ್ಯಾಕ್ಟರಿನ ಸಿಂಗಾರ ನಡೆಯುತ್ತದೆ. ಮಹಾನವಮಿ ಮುಗಿದು, ಹಳಿಯಾಳದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟುವುದರೊಳಗೆ ಸಿಗುವ ಆ ಕೆಲವು ವಾರಗಳೇ ದೀಪ ಕಟ್ಟಲು ಪ್ರಶಸ್ತ ಕಾಲ. ಕಟ್ಟುವವರಿಗೇನೂ ಬರವಿಲ್ಲ. ಬಂಪರಿಗೆ ಫೋಕಸ್, ಟಾಪಿನ ಸುತ್ತ ಓಡಾಡುವ ಪಟ್ಟಿದೀಪ, ಮಡ್‌ಗಾರ್ಡಿಗೆ ನೀಲಿ ಮಿಣುಕು. ಬೆಳಕೆಲ್ಲ ಎಂಜಿನ್ನಿನ ಪಾಲು, ಹಿಂದಿನ ಟ್ರೇಲರಿಗೆ ಕತ್ತಲು. ಮದುಮಗನ ಹಣೆಗೆ ಬಾಸಿಂಗ ಕಟ್ಟಿ ಬೆನ್ನಿಗೆ ಹರಕಂಗಿ ತೊಡಿಸಿದ ಹಾಗೆ. ಟ್ರೇಲರಿನ ಮಾರ್ಕರ್ ದೀಪಕ್ಕಿರುವುದು ಒಂದೇ ಕೆಲಸ: ಗಾಡಿ ಎಷ್ಟು ಅಗಲ, ಎಷ್ಟು ಎತ್ತರ, ಎಷ್ಟು ಉದ್ದ ಎಂದು ಕತ್ತಲಲ್ಲಿ ಬರುವ ಅಪರಿಚಿತನಿಗೆ ಹೇಳುವುದು. ಯಾವ ಬಣ್ಣ, ಎಷ್ಟು ವ್ಯಾಟ್, ಎಲ್ಲಿ ತೂತು ಎಂಬುದೆಲ್ಲ ಇದೊಂದರಿಂದಲೇ ತೀರ್ಮಾನವಾಗಬೇಕು ಎಂಬುದು ನನ್ನ ವಾದ. ಹಾಗೆ ತೀರ್ಮಾನಿಸಿ ಕೂರಿಸಿದ ಹತ್ತು ಪುಟ್ಟ ದೀಪಗಳ ಚೆಲುವು ನೂರು ಮಿಣುಕುಗಳಿಗೆ ಬರುವುದಿಲ್ಲ.

ರಾತ್ರಿ ರಸ್ತೆಯಲ್ಲಿ ಕಣ್ಣು ದೂರವನ್ನು ಅಳೆಯುವುದು ಎರಡು ದೀಪಗಳ ನಡುವಿನ ಅಂತರ ಹಿಗ್ಗುವುದರಿಂದ. ಒಂದೇ ದೀಪವಿದ್ದರೆ ಹಿಗ್ಗಲು ಏನೂ ಇಲ್ಲ. ಒಂದು ಬಲ್ಬು ಸುಟ್ಟ ಟ್ರೇಲರ್ ಹಿಂದಿನವನಿಗೆ ಮೋಟಾರ್‌ಬೈಕಿನಂತೆ ಕಾಣುವುದು, ಅವನು ಪಕ್ಕದಿಂದ ನುಸುಳಿಬಿಡಬಹುದೆಂದು ಬಗೆಯುವುದು ಇದಕ್ಕೇ. ಲೆಕ್ಕ ಹಾಕಿ ನೋಡಿ. ಟ್ರ್ಯಾಕ್ಟರ್ ಗಂಟೆಗೆ 20 ಕಿಲೋಮೀಟರ್, ಹಿಂದಿನ ಕಾರು 80. ಅಂತರ ಸೆಕೆಂಡಿಗೆ ಸುಮಾರು 17 ಮೀಟರಿನಂತೆ ಕರಗುತ್ತದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಕೆಂಪು ದೀಪ 155 ಮೀಟರಿನಿಂದ ಕಾಣಬೇಕೆನ್ನುತ್ತವೆ. ಅಷ್ಟು ದೂರದಲ್ಲಿ ಕಂಡರೆ ಚಾಲಕನ ಕೈಯಲ್ಲಿ ಒಂಬತ್ತು ಸೆಕೆಂಡು. ದೀಪವಿಲ್ಲದ ಟ್ರೇಲರ್ ಕಾರಿನ ಡಿಮ್ಮಿನ ಬೆಳಕಲ್ಲಿ 50 ಮೀಟರಿಗೆ ಕಂಡರೆ ಮೂರೇ. ನರೇಂದ್ರದಿಂದ ಗಬ್ಬೂರಿನವರೆಗೆ ಸುಮಾರು 30 ಕಿಲೋಮೀಟರ್ ಉದ್ದದ ಹುಬ್ಬಳ್ಳಿ-ಧಾರವಾಡ ಬೈಪಾಸು ವರ್ಷಾನುಗಟ್ಟಲೆ ಎರಡೇ ಲೇನಿನಲ್ಲಿ ಹೆದ್ದಾರಿಯ ಭಾರವನ್ನೆಲ್ಲ ಹೊತ್ತದ್ದನ್ನು ಬಲ್ಲವರಿಗೆ ಆ ಆರು ಸೆಕೆಂಡುಗಳ ಬೆಲೆ ವಿವರಿಸಬೇಕಿಲ್ಲ.

ಇನ್ನು ಆಯ್ಕೆ. ಹಳೆಯ 5 ವ್ಯಾಟಿನ ಬಲ್ಬಿನ ಶತ್ರು ಖಾಲಿ ಟ್ರೇಲರಿನ ಕುಲುಕಾಟ. ಕೂದಲೆಳೆಯ ಫಿಲಮೆಂಟು ಅದನ್ನು ತಾಳದು. ಎಲ್‌ಇಡಿಯಲ್ಲಿ ಆ ಎಳೆಯೇ ಇಲ್ಲ. ಇದಕ್ಕಿಂತ ದೊಡ್ಡ ಲಾಭ ತಂತಿಯದು. ಹತ್ತು ಬಲ್ಬೆಂದರೆ 50 ವ್ಯಾಟ್, ಟ್ರ್ಯಾಕ್ಟರಿನ 12 ವೋಲ್ಟಿಗೆ ನಾಲ್ಕು ಆಂಪಿಯರ್ ಮೀರುತ್ತದೆ. ಜೋಡಿ ಟ್ರೇಲರಿನ ತುದಿಗೆ ಹೋಗಿ ಬರುವ ದಾರಿ 25 ಮೀಟರ್ ಆದರೆ, 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲೇ ಎರಡು ವೋಲ್ಟಿನ ಹತ್ತಿರ ಸೋರಿಹೋಗುತ್ತದೆ, ಬಲ್ಬಿನ ಬೆಳಕು ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ. ಅರ್ಧ ವ್ಯಾಟಿನ ಎಲ್‌ಇಡಿ ಹತ್ತು ಹಾಕಿದರೂ ಸೋರಿಕೆ ಇದರ ಹತ್ತರಲ್ಲೊಂದು ಭಾಗ. ಆದರೆ ಎಲ್‌ಇಡಿ ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಬಿಳಿ ಎಲ್‌ಇಡಿ ಹುಟ್ಟುವುದು ನೀಲಿ ಚಿಪ್ಪಿನ ಮೇಲೆ ಹಳದಿ ಲೇಪ ಬಳಿದು. ಅದರಲ್ಲಿ ಕೆಂಪು ಕಡಿಮೆ. ಅದರ ಮುಂದೆ ಕೆಂಪು ಪ್ಲಾಸ್ಟಿಕ್ ಇಟ್ಟರೆ ಬೆಳಕಿನ ಬಹುಪಾಲು ಪ್ಲಾಸ್ಟಿಕ್ಕಿನ ಹೊಟ್ಟೆಗೆ. ಕೆಂಪಿಗೆ ಕೆಂಪು ಚಿಪ್ಪೇ ಬೇಕು. 1962ರಲ್ಲಿ ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ, ಕಣ್ಣಿಗೆ ಕಾಣುವ ಮೊದಲ ಎಲ್‌ಇಡಿ ಕೆಂಪೇ ಆಗಿತ್ತು. ಐಪಿ67 ಎಂಬ ಗುರುತೂ ಇರಲಿ: ಧೂಳು ಒಳಗೆ ಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಬದುಕುತ್ತದೆ ಎಂದರ್ಥ. ಪಡುವಣಕ್ಕೆ ಮಲೆನಾಡಿನ ಮಳೆ, ಮೂಡಣಕ್ಕೆ ನವಲಗುಂದದ ಎರೆಕೆಸರು. ಇವೆರಡರ ನಡುವೆ ಓಡಾಡುವ ಗಾಡಿಗೆ ಇದು ಅತಿಯಲ್ಲ.

ಈ ಕಸುಬಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ತಂತಿ ಎಳೆಯುವ ಭಾಗ, ಯಾರ ಕಣ್ಣಿಗೂ ಬೀಳದ ಭಾಗ. ಒಂದು ತಂತಿ ಎಳೆದು ‘ಅರ್ತ್ ಬಾಡಿಗೆ ಕೊಡೋದು’ ನಮ್ಮ ಕಡೆಯ ವಾಡಿಕೆ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಇರುವುದು ಗ್ರೀಸು, ತುಕ್ಕು ಮೆತ್ತಿದ ಒಂದು ಪಿನ್ನು. ಕರೆಂಟು ಅದರ ಮೂಲಕ ಹಿಂತಿರುಗಬೇಕೆಂದರೆ ಪ್ರತಿ ಹಳ್ಳಕ್ಕೂ ದೀಪ ಕಣ್ಣು ಮಿಟುಕಿಸುತ್ತದೆ, ಬೈಗುಳ ಮಾತ್ರ ಎಲ್‌ಇಡಿಗೆ ಬೀಳುತ್ತದೆ. ವಾಪಸಾತಿಗೆ ತನ್ನದೇ ಕರಿ ತಂತಿ ಇರಲಿ, ಆರಂಭದಲ್ಲಿ ಫ್ಯೂಜು ಇರಲಿ. ಕೊರೆದ ತೂತಿನ ಅಂಚಿಗೆ ಬಣ್ಣ, ಅದರೊಳಗೆ ರಬ್ಬರಿನ ಬಳೆ. ಇಲ್ಲದಿದ್ದರೆ ಕಬ್ಬಿಣದ ಹಲ್ಲು ತಂತಿಯ ಸಿಪ್ಪೆಯನ್ನು ಹಂಗಾಮು ಮುಗಿಯುವುದರೊಳಗೆ ಕಡಿದಿರುತ್ತದೆ. ದೀಪಕ್ಕೆ ಸೇರುವ ಮುನ್ನ ತಂತಿಯನ್ನು ಸ್ವಲ್ಪ ಕೆಳಗೆ ಬಾಗಿಸಿದರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಈ ಬಾಗಿಗೆ ಕಾಸು ಖರ್ಚಿಲ್ಲ, ಮಾಡುವವರೂ ಕಡಿಮೆ.

ಆಕ್ಷೇಪಗಳಿವೆ. ರೇಡಿಯಂ ಪಟ್ಟಿ ಅಂಟಿಸಿದರೆ ಸಾಲದೇ? ಪಟ್ಟಿ ಬೇಕೇ ಬೇಕು. ಟ್ರೇಲರನ್ನು ಕಳಚಿ ರಸ್ತೆ ಬದಿಗೆ ಬಿಟ್ಟಾಗ ಕಾಯುವುದು ಅದೊಂದೇ. ಆದರೆ ಅದು ಬೇರೆಯವರ ಬೆಳಕಿನ ಸಾಲದಲ್ಲಿ ಬದುಕುವಂಥದ್ದು. ಎರೆಮಣ್ಣು ಮೆತ್ತಿದರೆ, ತಿರುವಿನಲ್ಲಿ ಹೆಡ್‌ಲೈಟು ಅತ್ತ ಬೀಳದಿದ್ದರೆ, ಅದು ಕುರುಡು. ಬಣ್ಣದ ಪಟ್ಟಿದೀಪವೂ ಬೆಳಕೇ ತಾನೇ ಎಂಬುದು ಇನ್ನೊಂದು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಎಂಬ ಕ್ರಮ ಗಾಡಿಯ ಮುಖ ಎತ್ತ ಇದೆ ಎಂದು ಹೇಳುವ ಭಾಷೆ. ಎಲ್ಲ ಬಣ್ಣ ಎಲ್ಲ ಕಡೆ ಮಿಣುಕಿದರೆ ಅದು ಜಾತ್ರೆಯ ಗದ್ದಲ. ಗಟ್ಟಿ ಆಕ್ಷೇಪ ಮೂರನೆಯದು: ಕಬ್ಬು ಹೇರಿದ ಮೇಲೆ ಸೋಗೆ ಜೋತುಬಿದ್ದು ಹಿಂದಿನ ದೀಪಗಳೆಲ್ಲ ಮುಚ್ಚಿಹೋಗುತ್ತವೆ, ಉಳಿದವು ಇಳಿಸುವಾಗ ಒಡೆಯುತ್ತವೆ. ನಿಜ. ಅದಕ್ಕೇ ಪಕ್ಕಗಳಿಗೆ ರಬ್ಬರ್ ಕೊಂಬಿನ ದೀಪ, ತಾಗಿದರೆ ಬಾಗಿ ಮತ್ತೆ ನೆಟ್ಟಗಾಗುವಂಥದ್ದು. ಹಿಂಬದಿಗೆ ಒಂದು ಹಲಗೆ, ಅದರ ಎರಡು ತುದಿಗೆ ಕೆಂಪು ದೀಪ, ಉದ್ದನೆಯ ತಂತಿ, ಒಂದು ಪ್ಲಗ್ಗು. ಹೇರಿದ ಮೇಲೆ ಹಗ್ಗಕ್ಕೆ ಸಿಕ್ಕಿಸುವುದು, ಇಳಿಸುವ ಮುನ್ನ ಬಿಚ್ಚಿಡುವುದು. ಚಕ್ಕಡಿಯ ಅಡಿಗೆ ಕಂದೀಲು ಕಟ್ಟುತ್ತಿದ್ದವರು ದಿನವೂ ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕಟ್ಟುತ್ತಿದ್ದರು. ಅದನ್ನು ಯಾರೂ ರಗಳೆ ಅನ್ನಲಿಲ್ಲ.

ಕೊನೆಯ ಸ್ಕ್ರೂ ಬಿಗಿದ ರಾತ್ರಿ ದೀಪ ಹಚ್ಚಿಟ್ಟು ಹಿಂದಕ್ಕೆ ಇನ್ನೂರು ಹೆಜ್ಜೆ ನಡೆಯಿರಿ, ಸುಮಾರು 155 ಮೀಟರ್ ಆಗುತ್ತದೆ. ತಿರುಗಿ ನೋಡಿ. ಮೇಲೆರಡು, ಕೆಳಗೆರಡು ಕೆಂಪು ಚುಕ್ಕೆ ಕಂಡರೆ ಮನೆಗೆ ಹೋಗಿ ಉಣ್ಣಬಹುದು. ಮೂರೇ ಕಂಡರೆ ಪಾನಾ ಹಿಡಿದು ಮತ್ತೆ ಕೂತುಕೊಳ್ರಿ.