ಬಚ್ಚಲ ನೀರಿಗೆ ಹೆಂಚಿನ ಚೂರು

ಮನೆಯಿಂದ ಹೊರಬೀಳುವ ಕೊಳೆನೀರಿನಲ್ಲಿ ಶೌಚದ ನೀರನ್ನು ಬಿಟ್ಟು, ಸ್ನಾನ, ಬಟ್ಟೆ, ಪಾತ್ರೆಗಳಿಂದ ಬರುವುದನ್ನು ‘ಬೂದುನೀರು’ ಎನ್ನುತ್ತಾರೆ. ಇದರ ಪ್ರಮಾಣ ಹೆಚ್ಚು, ಮಾಲಿನ್ಯ ಕಡಿಮೆ. ಆದ್ದರಿಂದಲೇ ಕನ್ನಡನಾಡಿನ ಹಿತ್ತಿಲುಗಳಲ್ಲಿ ಬಚ್ಚಲ ನೀರು ಬಾಳೆ, ಕೆಸು, ಬಸಳೆಗಳ ಬುಡಕ್ಕೆ ನೇರವಾಗಿ ಹರಿಯುತ್ತಿತ್ತು. ಸೀಗೆಪುಡಿಯ ಜಾಗಕ್ಕೆ ಮಾರ್ಜಕಗಳು ಬಂದು, ಹಿತ್ತಿಲೂ ಕಿರಿದಾದ ಮೇಲೆ ಅದನ್ನು ಸೋಸಿ ಬಿಡುವುದು ಅನಿವಾರ್ಯವಾಯಿತು. ಆ ಸೋಸುತೊಟ್ಟಿಯನ್ನು ಮನೆಯವರು ಬಿಸಾಡಿದ ವಸ್ತುಗಳಿಂದಲೇ ಕಟ್ಟುವುದರಲ್ಲಿ ಒಂದು ವಿಶೇಷ ರುಚಿಯಿದ್ದು, ಅದು ಹತ್ತಿದವರಿಗೆ ಗುಜರಿಯ ರಾಶಿಯೂ ಉಗ್ರಾಣದಂತೆ ಕಾಣತೊಡಗುತ್ತದೆ.

ತೊಟ್ಟಿಯಲ್ಲಿ ತುಂಬುವ ವಸ್ತುವಿಗೆ ಶೋಧಕ ಮಾಧ್ಯಮವೆಂದು ಹೆಸರು. ಅದು ಕಸವನ್ನು ತಡೆಯುವುದರ ಜೊತೆಗೆ, ತನ್ನ ಮೈಮೇಲೆ ಸೂಕ್ಷ್ಮಾಣುಗಳ ಲೋಳೆಪೊರೆ ಬೆಳೆಯಲು ನೆಲೆ ಕೊಡುತ್ತದೆ; ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ಅರಗಿಸುವುದು ಈ ಪೊರೆಯೇ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಕುಡಿಯುವ ನೀರಿಗಾಗಿ ಮರಳಿನ ಶೋಧಕ ಕಟ್ಟಿದಾಗ ಸೂಕ್ಷ್ಮಾಣುಗಳ ಈ ಪಾತ್ರ ಯಾರಿಗೂ ತಿಳಿದಿರಲಿಲ್ಲವಾದರೂ ಅವು ತಮ್ಮ ಕೆಲಸವನ್ನು ಮಾಡುತ್ತಲೇ ಇದ್ದವು. ಹೀಗಾಗಿ ಮಾಧ್ಯಮವನ್ನು ಆರಿಸುವವರು ಮೊದಲು ನೋಡುವುದು ಅದರ ಮೇಲ್ಮೈಯನ್ನು.

ಈ ಕಣ್ಣಿನಿಂದ ನೋಡಿದಾಗ ಪ್ರತಿ ರದ್ದಿಗೂ ಅದರದೇ ಗುಣ ಕಾಣುತ್ತದೆ. ಬಾಸೆಲ್ ಮಿಷನ್ ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಹೆಂಚುಗಳು, ಈಗ ಕರಾವಳಿಯ ಮನೆಗಳು ತಾರಸಿಯಾಗುತ್ತಿರುವಾಗ ಅಂಗಳದ ಮೂಲೆಗೆ ಇಳಿಯುತ್ತಿವೆ. ಸುಟ್ಟ ಜೇಡಿಮಣ್ಣಿನ ಅವುಗಳ ಚೂರಿನಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಒರಟಾದ ಒಡೆದ ಅಂಚಿಗೆ ಪೊರೆ ಚೆನ್ನಾಗಿ ಕಚ್ಚುತ್ತದೆ. ತೆಂಗಿನ ಕರಟದ ಇದ್ದಿಲು ಬಣ್ಣವನ್ನೂ ವಾಸನೆಯನ್ನೂ ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ, ಆದರೆ ಬೂದಿ ಉಳಿದರೆ ನೀರು ಕ್ಷಾರವಾಗುವುದರಿಂದ ಅದನ್ನು ಚೆನ್ನಾಗಿ ತೊಳೆದೇ ಹಾಕಬೇಕು. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ಅಂಶ ಹೇರಳವಾಗಿರುವುದರಿಂದ ಅದು ಬೇಗ ಕೊಳೆಯದು. ನೀರಿನ ಬಾಟಲಿಯ ಮುಚ್ಚಳಗಳು ಹಗುರವಾದ ಪ್ಲಾಸ್ಟಿಕ್ಕಿನವಾದ್ದರಿಂದ ತೇಲುತ್ತವೆ, ಹಾಗಾಗಿ ಅವನ್ನು ಬಲೆಯ ಚೀಲದಲ್ಲಿ ಕಟ್ಟಿ ಮುಳುಗಿಸಬೇಕಾಗುತ್ತದೆ.

ಪಾತ್ರೆಯ ಜಿಡ್ಡನ್ನು ಮೊದಲ ಗುಂಡಿಯಲ್ಲೇ ತೇಲಿಸಿ ತೆಗೆದು, ಬಳಿಕ ನಾರು, ದಪ್ಪ ಹೆಂಚುಚೂರು, ಸಣ್ಣ ಚೂರು, ಇದ್ದಿಲು, ಮರಳು ಎಂಬ ಕ್ರಮದಲ್ಲಿ ನೀರನ್ನು ನಿಧಾನವಾಗಿ ಹರಿಸುವುದು ಒಳ್ಳೆಯ ಪದ್ಧತಿ. ದಪ್ಪದಿಂದ ಸಣ್ಣದಕ್ಕೆ ಸಾಗಿದರೆ ತೊಟ್ಟಿ ಬೇಗ ಕಟ್ಟಿಕೊಳ್ಳುವುದಿಲ್ಲ. ಕಟ್ಟಿಕೊಂಡ ನಾರನ್ನು ಆಗಾಗ ತೆಗೆದು ಗೊಬ್ಬರದ ಗುಂಡಿಗೆ ಸೇರಿಸಬಹುದು, ಹೆಂಚನ್ನು ತೊಳೆದು ಮತ್ತೆ ಬಳಸಬಹುದು. ಬೂದುನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಟ್ಟರೆ ಅದು ನಾರತೊಡಗುವುದರಿಂದ, ಬಂದದ್ದನ್ನು ಬಂದಂತೆ ಸೋಸುವುದೇ ಕ್ಷೇಮ.

ಹೀಗೆ ಸೋಸಿದ ನೀರು ಕುಡಿಯಲು ಯೋಗ್ಯವಲ್ಲ, ಹಸಿಯಾಗಿ ತಿನ್ನುವ ಸೊಪ್ಪಿಗೂ ಸಲ್ಲದು. ಬಾಳೆ, ತೆಂಗುಗಳ ಬುಡಕ್ಕೆ ಮಾತ್ರ ಧಾರಾಳವಾಗಿ ಬಿಡಬಹುದು. ಆದುದರಿಂದ ಮಾಡಿನ ಹೆಂಚು ಇಳಿಸುವ ಮನೆಯವರು ಒಡಕು ಚೂರನ್ನೆಲ್ಲ ಹಳ್ಳಕ್ಕೆ ಸುರಿಯುವ ಮೊದಲು, ಒಂದು ತೊಟ್ಟಿಗೆ ಸಾಲುವಷ್ಟನ್ನಾದರೂ ಎತ್ತಿಡುವುದು ಒಳಿತು.